'ಹ್ಯಾವ್' ಕಲಿಯಲು ಮೊದಲು ಕನ್ನಡದ ವಾಕ್ಯ ಬರೆದುಕೊಳ್ಳಿ

ಹಾವೇರಿಯ ನಮ್ಮ ಮನೆಯ ಮುಂದಿನ ಕೋಣೆಗೆ ಸಂಜೆ ಆರೂವರೆಗೆ ಹತ್ತು ಹನ್ನೆರಡು ಹುಡುಗಿಯರು ಪಾಠಕ್ಕೆ ಬರುತ್ತಾರೆ. ಎಲ್ಲರೂ ನರ್ಸಿಂಗ್ ಓದುವವರು, ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮ. ಮೊದಲ ದಿನ 'ನಮ್ಮಪ್ಪನಿಗೆ ಎರಡು ಎತ್ತು ಇವೆ' ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಿರಿ ಅನ್ನುತ್ತೇನೆ. ಹೆಚ್ಚಿನವರು 'ಮೈ ಫಾದರ್ ಹ್ಯಾವ್ ಟೂ ಬುಲಕ್ಸ್' ಎಂದು ಬರೆದಿರುತ್ತಾರೆ. ಹಿ, ಶಿ, ಇಟ್ ಬಂದರೆ 'ಹ್ಯಾಸ್' ಎಂಬ ನಿಯಮ ಅವರಿಗೆ ಬಾಯಿಪಾಠ. ಆದರೂ ಕೈ ತಪ್ಪುತ್ತದೆ.

ತಪ್ಪುವುದು ಎತ್ತಿನ ಹತ್ತಿರ. ಕನ್ನಡದಲ್ಲಿ ಕ್ರಿಯಾಪದ ಎತ್ತಿನ ಜೊತೆ ಹೋಗುತ್ತದೆ: ಒಂದಿದ್ದರೆ 'ಇದೆ', ಎರಡಿದ್ದರೆ 'ಇವೆ'. ಮಗನಿದ್ದರೆ 'ಇದ್ದಾನೆ', ಮಕ್ಕಳಿದ್ದರೆ 'ಇದ್ದಾರೆ'. ಅಪ್ಪ 'ಅಪ್ಪನಿಗೆ' ಎಂದು ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಂತಿರುತ್ತಾನೆ. ಇಂಗ್ಲಿಷಿನಲ್ಲಿ ಅಪ್ಪನೇ ಕರ್ತೃ. ಎತ್ತು ಎರಡಿರಲಿ, ಇಪ್ಪತ್ತಿರಲಿ, ಅಪ್ಪ ಒಬ್ಬನೇ ಆದ್ದರಿಂದ 'ಹ್ಯಾಸ್'. ಹುಡುಗಿಯರ ಮನಸ್ಸಿನಲ್ಲಿ 'ಇವೆ' ಇನ್ನೂ ಕೂತಿರುತ್ತದೆ, ಬಹುವಚನವನ್ನು ಅದೇ ಎಳೆದು ತರುತ್ತದೆ. ಇದನ್ನು ಹಲಗೆಯ ಮೇಲೆ ತೋರಿಸಿದ ದಿನ ಅವರ ಮುಖ ಬಿಚ್ಚಿಕೊಳ್ಳುವುದನ್ನು ನೋಡಬೇಕು.

'ಹ್ಯಾವ್' ಪದದ ಬೇರಿನ ಅರ್ಥ 'ಹಿಡಿ'. ಲ್ಯಾಟಿನ್ ಭಾಷೆಯಲ್ಲಿ ಹಿಡಿಯುವುದಕ್ಕೆ ಹೇಳುವ 'ಕಾಪೆರೆ' ಇದರ ದೂರದ ನೆಂಟ. ಹಿಡಿಯಬೇಕೆಂದರೆ ಹಿಡಿಯುವವನೊಬ್ಬ ಬೇಕು, ಆದ್ದರಿಂದ ವಾಕ್ಯದ ಮುಂದೆ ಅವನೇ ನಿಲ್ಲುತ್ತಾನೆ. ಕನ್ನಡದ ದಿನದ ಮಾತಿನಲ್ಲಿ ಇಂಥ ಕ್ರಿಯಾಪದ ಬರುವುದೇ ಅಪರೂಪ, 'ಹೊಂದಿದ್ದಾನೆ' ಎಂಬುದು ಬರಹದ ಮಾತು. ಆಡುವಾಗ ಎಲ್ಲವೂ 'ಇರುತ್ತದೆ', ಯಾರಿಗೋ, ಯಾರದೋ ಹತ್ತಿರ.

ಹಾಗಾಗಿ ಒಂದು ನೋಟ್‌ಬುಕ್ ಇಡಿ. ಎಡಪುಟದಲ್ಲಿ ನೀವು ದಿನಾ ಆಡುವ ಕನ್ನಡ ವಾಕ್ಯಗಳನ್ನೇ ಬರೆಯಿರಿ. 'ನನ್ನ ಹತ್ತಿರ ಚಿಲ್ಲರೆ ಇದೆ.' 'ನನಗೆ ಇಬ್ಬರು ತಮ್ಮಂದಿರಿದ್ದಾರೆ.' 'ಅವಳಲ್ಲಿ ತಾಳ್ಮೆ ಇದೆ.' ಹತ್ತಿರ, ಗೆ, ಅಲ್ಲಿ, ಈ ಮೂರರ ಕೆಳಗೆ ಗೆರೆ ಎಳೆಯಿರಿ. ಕನ್ನಡ ಇಲ್ಲಿ ಬಹಳ ಸೂಕ್ಷ್ಮ. 'ನನ್ನ ಹತ್ತಿರ ಇಬ್ಬರು ತಮ್ಮಂದಿರಿದ್ದಾರೆ' ಅಂದರೆ ಅವರು ನನ್ನ ಜೊತೆ ಉಳಿದುಕೊಂಡಿದ್ದಾರೆ ಎಂದಾಗುತ್ತದೆ. ಇಂಗ್ಲಿಷ್ ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತದೆ. ಗೆರೆ ಎಳೆದ ಪದದಲ್ಲಿರುವ ವ್ಯಕ್ತಿಯನ್ನು ಎತ್ತಿ ಬಲಪುಟದ ವಾಕ್ಯದ ಮೊದಲಿಗೆ ಕೂರಿಸಿ: 'ಐ ಹ್ಯಾವ್ ಟೂ ಬ್ರದರ್ಸ್', 'ಶಿ ಹ್ಯಾಸ್ ಪೇಶೆನ್ಸ್'.

'ನನಗೆ' ಕಂಡಲ್ಲೆಲ್ಲ 'ಹ್ಯಾವ್' ಹಾಕಬೇಡಿ. 'ನನಗೆ ಹಸಿವಾಗಿದೆ' ಎಂಬುದಕ್ಕೆ 'ಐ ಆಮ್ ಹಂಗ್ರಿ', 'ನನಗೆ ಇಪ್ಪತ್ತು ವರ್ಷ' ಎಂಬುದಕ್ಕೆ 'ಐ ಆಮ್ ಟ್ವೆಂಟಿ', 'ನನಗೆ ಗೊತ್ತು' ಎಂಬುದಕ್ಕೆ 'ಐ ನೋ'. ಇಂಥವನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬೇರೆಯಾಗಿ ಬರೆದಿಡಿ.

ಈಗ 'ಹ್ಯಾವಿಂಗ್'. ಕೆಲಸಕ್ಕೆ ಸೇರುವ ಮೊದಲು ಒಂದು ಸಂದರ್ಶನದಲ್ಲಿ ನಾನು 'ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್' ಅಂದಿದ್ದೆ. ಎದುರು ಕೂತಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ತಪ್ಪೇನು ಎಂದು ಹೇಳಲಿಲ್ಲ. ಆ ನಗು ನನಗೆ ವರ್ಷಗಟ್ಟಲೆ ನೋವು ಕೊಟ್ಟಿದೆ. ನನ್ನ ಕೋಣೆಯಲ್ಲಿ ಯಾರ ಇಂಗ್ಲಿಷಿಗೂ ಯಾರೂ ನಗಕೂಡದು ಎಂಬ ಕಟ್ಟಳೆ ಅಲ್ಲಿಂದ ಬಂದದ್ದು.

ತಪ್ಪು ಹಿಡಿಯುವ ದಾರಿ ಸುಲಭ. ಕನ್ನಡದಲ್ಲಿ ಹೇಳಿ ನೋಡಿ. 'ಇದೆ, ಇದ್ದಾರೆ' ಬಂದರೆ 'ಹ್ಯಾವಿಂಗ್' ಬೇಡ. 'ಮಾಡುತ್ತಿದ್ದೇನೆ, ಕುಡಿಯುತ್ತಿದ್ದೇನೆ, ನಡೆಯುತ್ತಿದೆ' ಬಂದರೆ ಬರಬಹುದು. 'ಐ ಆಮ್ ಹ್ಯಾವಿಂಗ್ ಟೀ' ಸರಿ, ಯಾಕೆಂದರೆ ಇಲ್ಲಿ 'ಹ್ಯಾವ್' ಅಂದರೆ ಕುಡಿ. 'ಪೇಷಂಟ್ ಈಸ್ ಹ್ಯಾವಿಂಗ್ ಫೀವರ್' ಎಂದು ನಮ್ಮ ವಾರ್ಡುಗಳಲ್ಲಿ ಎಲ್ಲರೂ ಅನ್ನುತ್ತಾರೆ, ಎಲ್ಲರಿಗೂ ಅರ್ಥವೂ ಆಗುತ್ತದೆ. ಆದರೆ ವಿದೇಶದ ಕೆಲಸಕ್ಕಾಗಿ ಒಇಟಿ, ಅಂದರೆ ನರ್ಸು, ಡಾಕ್ಟರುಗಳಂಥವರ ಇಂಗ್ಲಿಷ್ ಪರೀಕ್ಷೆ, ಬರೆಯುವ ಹುಡುಗಿ 'ದ ಪೇಷಂಟ್ ಹ್ಯಾಸ್ ಎ ಫೀವರ್' ಎಂದೇ ರೂಢಿಸಿಕೊಳ್ಳಲಿ.

ಜ್ವರದ ಮಾತು ಇಲ್ಲಿಗೆ ಮುಗಿಯುವುದಿಲ್ಲ. ಡಾಕ್ಟರು ಕೇಳುವ ಮುಂದಿನ ಪ್ರಶ್ನೆಯೇ 'ಎಷ್ಟು ದಿನದಿಂದ?' ಕನ್ನಡದಲ್ಲಿ 'ಮೂರು ದಿನದಿಂದ ಜ್ವರ ಇದೆ' ಅಂದರೆ ಸಾಕು, 'ಇದೆ' ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಅಂದು ಶುರುವಾಗಿ ಇಂದಿಗೂ ಇರುವುದಕ್ಕೆ ಬೇರೆ ರೂಪ: 'ಶಿ ಹ್ಯಾಸ್ ಹ್ಯಾಡ್ ಎ ಫೀವರ್ ಫಾರ್ ತ್ರೀ ಡೇಸ್'. ಕಳೆದ ವರ್ಷ ಒಬ್ಬಳು ಎದ್ದು ನಿಂತು, "ಮೇಡಂ, ಒಂದ ಮಾತು ಎರಡ ಸಲ ಯಾಕ್ರಿ?" ಅಂದಳು. ಒಳ್ಳೆಯ ಪ್ರಶ್ನೆ.

ಎರಡನೆಯದು, ಅಂದರೆ 'ಹ್ಯಾಡ್', ನಿಜವಾದ ಕ್ರಿಯಾಪದ. ಜ್ವರ ಇರುವುದನ್ನು ಹೇಳುತ್ತದೆ. ಮೊದಲನೆಯದು ಬರೀ ಸಹಾಯಕ. ಸಹಾಯಕ 'ಹ್ಯಾವ್' ಹುಟ್ಟಿದ್ದು ಒಡೆತನದ 'ಹ್ಯಾವ್'ನಿಂದಲೇ. 'ಬರೆದು ಮುಗಿದ ಪತ್ರವೊಂದು ನನ್ನ ಕೈಯಲ್ಲಿದೆ' ಎಂಬಂಥ ಹಳೆಯ ವಾಕ್ಯ ಸವೆದು ಸವೆದು 'ಪತ್ರ ಬರೆದಿದ್ದೇನೆ' ಎಂಬ ಅರ್ಥಕ್ಕೆ ಬಂತು. ನಮ್ಮ 'ಬರೆದಿದ್ದೇನೆ'ಯನ್ನು ಬಿಡಿಸಿದರೆ ಬರೆದು, ಇದ್ದೇನೆ. ನಮಗೆ ಆ ಕೆಲಸ ಮಾಡಿಕೊಡುವುದು 'ಇರು'. ಇಂಗ್ಲಿಷಿನಲ್ಲೂ ಬರು, ಹೋಗು ಎಂಬಂಥ ಕ್ರಿಯಾಪದಗಳ ಜೊತೆ ಒಂದು ಕಾಲಕ್ಕೆ ನಮ್ಮಂತೆ 'ಇರು'ವೇ ಬರುತ್ತಿತ್ತು. 1611ರ ಇಂಗ್ಲಿಷ್ ಬೈಬಲಿನಲ್ಲಿ 'ಈಸ್ ಕಮ್' ಎಂಬ ರೂಪ ಬೇಕಾದಷ್ಟು ಸಿಗುತ್ತದೆ. ಹಾಗಾಗಿ ಕನ್ನಡದ ಕ್ರಿಯಾಪದದ ಬಾಲದಲ್ಲಿ 'ಇದ್ದೇನೆ, ಇದ್ದಾಳೆ, ಇದೆ' ಅಂಟಿಕೊಂಡಿದ್ದರೆ ಸಹಾಯಕ 'ಹ್ಯಾವ್' ಬರಬಹುದೇ ನೋಡಿ: 'ಬಂದಿದ್ದಾಳೆ' ಎಂಬುದು 'ಶಿ ಹ್ಯಾಸ್ ಕಮ್'. ಬಾಲದಲ್ಲಿ 'ತ್ತಿದ್ದಾಳೆ' ಇದ್ದರೆ ಅದು ಬೇರೆ ಲೆಕ್ಕ, 'ಶಿ ಈಸ್ ಕಮಿಂಗ್'.

ಪ್ರಶ್ನೆ ಮತ್ತು ನಿಷೇಧಕ್ಕೆ ಇದೇ ಭೇದ ಸಾಕು. ಒಡೆತನದ್ದಾದರೆ 'ಡು, ಡಸ್, ಡಿಡ್' ಕರೆಯಿರಿ: 'ಡಸ್ ಶಿ ಹ್ಯಾವ್ ಎ ಫೀವರ್?', 'ಐ ಡೋಂಟ್ ಹ್ಯಾವ್ ಎ ಪೆನ್'. 'ಡಸ್' ಬಂದ ಮೇಲೆ 'ಹ್ಯಾಸ್' ಬೇಡ. ಸಹಾಯಕವಾದರೆ ಅದೇ ಮುಂದೆ ಬರುತ್ತದೆ: 'ಹ್ಯಾಸ್ ಶಿ ಕಮ್?'

'ಮಾಡಿಸು' ಎಂಬುದನ್ನೂ 'ಹ್ಯಾವ್' ಹೇಳುತ್ತದೆ, ಇದನ್ನು ಕಲಿಸುವುದು ನನಗೆ ತುಂಬ ಇಷ್ಟ. 'ರಕ್ತ ಪರೀಕ್ಷೆ ಮಾಡಿಸಿದೆ' ಎಂಬುದಕ್ಕೆ 'ಐ ಹ್ಯಾಡ್ ಮೈ ಬ್ಲಡ್ ಟೆಸ್ಟೆಡ್'. ನಮ್ಮ 'ಇಸು' ಪ್ರತ್ಯಯದ ಕೆಲಸವನ್ನು ಅಲ್ಲಿ ಪದಗಳ ಸಾಲು ಮಾಡುತ್ತದೆ. 'ಐ ಹ್ಯಾಡ್ ಟೆಸ್ಟೆಡ್ ಮೈ ಬ್ಲಡ್' ಎಂದು ಸಾಲು ಕೆಡಿಸಿದರೆ ಪರೀಕ್ಷೆ ನೀವೇ ಮಾಡಿದ್ದಿರಿ ಎಂದಾಗುತ್ತದೆ. 'ಹೋಗಲೇಬೇಕು' ಎಂಬರ್ಥದ 'ಹ್ಯಾವ್ ಟು ಗೋ' ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಹುಡುಗಿಯರು ಬೇಗ ಹಿಡಿಯುತ್ತಾರೆ. ಉಚ್ಚಾರ ಮಾತ್ರ 'ಹ್ಯಾಫ್ ಟು' ಎಂದು ಕಿವಿಗೆ ಬೀಳುತ್ತದೆ, ಗಾಬರಿಯಾಗಬೇಡಿ.

ರಾತ್ರಿ ಎಂಟಕ್ಕೆ ಪಾಠ ಮುಗಿಯುತ್ತದೆ. ಗೇಟಿನ ಹತ್ತಿರ ಚಪ್ಪಲಿ ಹಾಕಿಕೊಳ್ಳುವಾಗ ನಾನು ಒಬ್ಬೊಬ್ಬರನ್ನೂ ಕೇಳುತ್ತೇನೆ: 'ಹ್ಯಾವ್ ಯು ಹ್ಯಾಡ್ ಯುವರ್ ಡಿನ್ನರ್?' ಮೊದಲಿನದು ಯಾವ 'ಹ್ಯಾವ್', ಎರಡನೆಯದು ಯಾವುದು ಎಂದು ಹೇಳಿ, 'ನೋ, ಐ ಹ್ಯಾವಂಟ್' ಎಂದು ಉತ್ತರಿಸಿ ಬಸ್‌ಸ್ಟ್ಯಾಂಡಿನ ಕಡೆ ಹೊರಡುತ್ತಾರೆ.