ಉಜ್ಜಿದರೆ ಹೋಗುವ ಗೆರೆಗಳಲ್ಲ

ಹದಿನಾಲ್ಕು ವರ್ಷದ ಮೊಮ್ಮಗಳು ತೊಡೆಯ ಮೇಲಿನ ಗೆರೆಗಳನ್ನು ಹಿಮ್ಮಡಿ ಉಜ್ಜುವ ಕಲ್ಲಿನಿಂದ ತಿಕ್ಕಿ, ಚರ್ಮ ತರಚಿಕೊಂಡು ಬಂದು ನಿಂತಾಗ ನನಗೆ ಮರುಕಕ್ಕಿಂತ ಮೊದಲು ಸಿಟ್ಟೇ ಬಂದಿತು. ಸ್ಟ್ರೆಚ್ ಮಾರ್ಕ್ ಎಂಬುದು ಮೈಗೆ ಅಂಟಿದ ಕೊಳೆಯಲ್ಲ. ಒಳಚರ್ಮಕ್ಕೆ ಗಟ್ಟಿತನ ಕೊಡುವುದು ಕೊಲಾಜೆನ್ ಎಳೆಗಳು, ಹಿಗ್ಗಿ ಕುಗ್ಗುವ ಗುಣ ಕೊಡುವುದು ಇಲಾಸ್ಟಿನ್ ಎಳೆಗಳು. ಮೈ ಬೆಳೆಯುವ ವೇಗಕ್ಕೆ ಸರಿಗಟ್ಟಲಾರದೆ ಅವು ಒಳಗೇ ಹರಿಯುತ್ತವೆ, ಹರಿದದ್ದು ಮಾಯುವಾಗ ಉಳಿಯುವ ಕಲೆಯೇ ಈ ಗೆರೆ. ಆದ್ದರಿಂದಲೇ ಹರೆಯದಲ್ಲಿ ಥಟ್ಟನೆ ಬೆಳೆದವರಿಗೆ, ತುಂಬು ಬಸುರಿಯರಿಗೆ, ಬೇಗ ತೂಕ ಏರಿದವರಿಗೆ, ವ್ಯಾಯಾಮದಿಂದ ತೋಳು ದಪ್ಪವಾದ ಗಂಡಸರಿಗೂ ಇದು ಬರುತ್ತದೆ. ತಾಯಿಗೆ ಬಂದಿದ್ದರೆ ಮಗಳಿಗೂ ಬರುವ ಸಂಭವ ಹೆಚ್ಚು. ವೈದ್ಯರನ್ನು ಕೇಳದೆ ಸ್ಟೀರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದರೂ ಚರ್ಮ ತೆಳುವಾಗಿ ಗೆರೆ ಬೀಳುತ್ತದೆ.

ನನ್ನ ಚೊಚ್ಚಲ ಬಸಿರಿನ ಏಳನೆಯ ತಿಂಗಳಲ್ಲಿ, ಹೊಟ್ಟೆಯ ನವೆ ತಾಳಲಾರದೆ ಬಾಚಣಿಗೆಯಿಂದ ಕೆರೆದುಕೊಳ್ಳುತ್ತಿದ್ದಾಗ ನಮ್ಮತ್ತೆ ಅದನ್ನು ಕಿತ್ತುಕೊಂಡು ಒಂದು ಕ್ರಮವನ್ನು ಕಲಿಸಿದರು. ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಟವೆಲನ್ನು ಎಳೆದಾಡದೆ ಒತ್ತಿ ಒತ್ತಿ ನೀರು ಹೀರಿಸಿ, ಬೆರಳಿಟ್ಟರೆ ತಣ್ಣಗೆ ತಾಗುವಷ್ಟು ಪಸೆ ಇನ್ನೂ ಇರುವಾಗಲೇ, ಪರಿಮಳ ಬೆರೆಸದ ಮುಲಾಮನ್ನು ಎರಡು ಅಂಗೈಗಳ ನಡುವೆ ಬೆಚ್ಚಗೆ ಮಾಡಿಕೊಂಡು, ಚರ್ಮ ಜಗ್ಗದಂತೆ ಹಗುರವಾಗಿ ಸುತ್ತು ಕೈಯಾಡಿಸಬೇಕು. ಬಟ್ಟೆ ತೊಟ್ಟು, ತಲೆ ಬಾಚಿ, ಆಮೇಲೆ ಹಚ್ಚುವೆನೆನ್ನುವವರಿಗೆ ಆ ಪಸೆ ಎಲ್ಲಿಂದ ಬರಬೇಕು?

ಇದರಿಂದ ನವೆಯೂ ಬಿರುಸೂ ತಗ್ಗುತ್ತವೆ, ಗೆರೆ ಬೀಳುವುದು ತಪ್ಪುವುದಿಲ್ಲ, ನನಗೂ ತಪ್ಪಲಿಲ್ಲ. ಮೇಲೆ ಹಚ್ಚಿದ ಎಣ್ಣೆ ಒಳಗೆ ಹರಿದ ಎಳೆಯನ್ನು ಹೊಲಿಯುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕೆಂಪು ಅಥವಾ ನೇರಳೆ ಬಣ್ಣದ ಹೊಸ ಗೆರೆಗಳಿಗೆ ಚರ್ಮವೈದ್ಯರ ಚಿಕಿತ್ಸೆ ಸ್ವಲ್ಪವಾದರೂ ಹಿಡಿಯುತ್ತದೆ, ಬೆಳ್ಳಗಾದ ಹಳೆಯವಕ್ಕೆ ಅಷ್ಟಾಗಿ ಹಿಡಿಯದು. ಅವರು ಬರೆದುಕೊಡುವ ಟ್ರೆಟಿನಾಯಿನ್ ಮುಲಾಮನ್ನು ಬಸುರಿಯರು ಮುಟ್ಟಲೇಬಾರದು. ಬಸಿರೂ ಇಲ್ಲದೆ, ಬೆಳೆಯುವ ವಯಸ್ಸೂ ಅಲ್ಲದೆ, ಅಗಲವಾದ ನೇರಳೆ ಗೆರೆಗಳೊಡನೆ ಮುಖವೂ ಗುಂಡಗೆ ಊದಿಕೊಂಡರೆ ಕಾರ್ಟಿಸಾಲ್ ಹಾರ್ಮೋನು ಹೆಚ್ಚಿರಬಹುದು, ತಡಮಾಡದೆ ವೈದ್ಯರಿಗೆ ತೋರಿಸಿ.

ಮೊಮ್ಮಗಳ ಗೆರೆಗಳು ಇನ್ನೂ ನೇರಳೆ ಬಣ್ಣದಲ್ಲಿವೆ, ಕೆಲವು ವರ್ಷಗಳಲ್ಲಿ ತಾವಾಗಿಯೇ ಮಾಸುತ್ತವೆ. ತರಚಿದ ಗಾಯ ಮಾಯುವವರೆಗೂ ಆ ಕಲ್ಲು ನನ್ನ ಬೀರುವಿನಲ್ಲಿಯೇ ಇರುತ್ತದೆ.