ಜರ್ಮನಿಯಲ್ಲಿ ಕಾರು ತಗೊಳ್ಳುವವರೇ, ಎರಡನೇ ಸೆಟ್ ಟಯರ್ ಒಳಗೆ ಏನಿದೆ ಅಂತ ಕೇಳಿ

ರಜೆಗೆ ಉಡುಪಿಗೆ ಬಂದಿದ್ದೇನೆ. ಪಕ್ಕದ ಮನೆ ಹುಡುಗನಿಗೆ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ. "ಅಣ್ಣ, ಒಂದು ಹಳೇ ಕಾರು ನೋಡಿಟ್ಟಿದ್ದೇನೆ. ಚಳಿಗಾಲದ ಟಯರ್ ಬೇರೆ ಕಡೆ ಅಗ್ಗಕ್ಕೆ ಸಿಗ್ತದೆ" ಅಂದ. ಈ ಮಾತು ಹೇಳಿದವರಲ್ಲಿ ಇವನು ನಾಲ್ಕನೆಯವನು. ಮೊದಲನೆಯವನು ನಾನೇ.

ಲೈಸೆನ್ಸ್, ಇನ್ಶೂರೆನ್ಸ್ ಕಥೆ ಬಿಡಿ, ಎಲ್ಲರೂ ಹೇಳ್ತಾರೆ. ಹಿಮ ಬಿದ್ದ ರಸ್ತೆಯಲ್ಲಿ ಬೇಸಿಗೆ ಟಯರ್ ಹಾಕಿ ಓಡಿಸಿದರೆ 60 ಯೂರೋ ದಂಡ, ಜೊತೆಗೆ ಚಾಲಕನ ದಾಖಲೆಯಲ್ಲಿ ಒಂದು ಪೆನಾಲ್ಟಿ ಪಾಯಿಂಟ್. ಅದಕ್ಕೇ ಅಲ್ಲಿ ತುಂಬ ಜನ ರಿಮ್ ಸಮೇತ ಎರಡು ಸೆಟ್ ಚಕ್ರ ಇಟ್ಟುಕೊಳ್ಳುತ್ತಾರೆ.

2014ರ ನವೆಂಬರ್‌ನಿಂದ ಯುರೋಪಿಯನ್ ಯೂನಿಯನ್‌ನಲ್ಲಿ ಹೊಸದಾಗಿ ನೋಂದಣಿಯಾಗುವ ಎಲ್ಲ ಕಾರಿಗೂ ಟಯರ್ ಗಾಳಿ ಇಳಿದರೆ ಎಚ್ಚರಿಸುವ ವ್ಯವಸ್ಥೆ ಕಡ್ಡಾಯ. ಜರ್ಮನ್ನರು ಆರ್‌ಡಿಕೆಎಸ್ ಅನ್ನುತ್ತಾರೆ. ಎರಡು ಬಗೆ ಇದೆ. ಒಂದರಲ್ಲಿ ವಾಲ್ವ್ ಬುಡದಲ್ಲಿ, ರಿಮ್ ಒಳಗೆ, ಪುಟ್ಟ ಸೆನ್ಸರ್ ಕೂತು ಗಾಳಿ ಅಳೆಯುತ್ತದೆ. ಇನ್ನೊಂದರಲ್ಲಿ ಟಯರ್ ಒಳಗೆ ಏನೂ ಇಲ್ಲ. ಗಾಳಿ ಇಳಿದ ಚಕ್ರ ಜಾಸ್ತಿ ಸುತ್ತು ತಿರುಗುತ್ತದಲ್ವಾ, ಅದನ್ನು ಬ್ರೇಕಿನ ಎಬಿಎಸ್ ವ್ಯವಸ್ಥೆ ಹಿಡಿಯುತ್ತದೆ. ಟಯರ್ ಬದಲಿಸಿದ ಮೇಲೆ ರೀಸೆಟ್ ಮಾಡಿದರೆ ಸಾಕು. ಸೆನ್ಸರ್ ಇರುವುದು ಹೆಚ್ಚು ನಿಖರ, ಆದರೆ ಬಾಡಿಗೆ ಮನೆಯಲ್ಲಿರುವ ನಮ್ಮಂಥವರ ಕಿಸೆಗೆ ಎರಡನೆಯದೇ ಒಳ್ಳೆಯದು.

ನನ್ನ ಕಾರು ಮೊದಲ ಬಗೆಯದು, ನನಗೆ ಗೊತ್ತೇ ಇರಲಿಲ್ಲ. ಜಾಹೀರಾತು ನೋಡಿ 150 ಯೂರೋಗೆ ಸೆನ್ಸರ್ ಇಲ್ಲದ ನಾಲ್ಕು ಚಕ್ರ ತಂದೆ, ನಾನೇ ಜ್ಯಾಕ್ ಹಾಕಿ ಕೂರಿಸಿದೆ, ದೊಡ್ಡ ಮೆಕ್ಯಾನಿಕ್ ಹಾಗೆ ಫೋಟೋ ತೆಗೆದು ಅಮ್ಮನಿಗೂ ಕಳಿಸಿದೆ. ಸ್ವಲ್ಪ ದೂರ ಹೋದದ್ದೇ ಹಳದಿ ದೀಪ: ಕುದುರೆ ಲಾಳದ ಒಳಗೆ ಆಶ್ಚರ್ಯಸೂಚಕ ಚಿಹ್ನೆ. ಮೊದಲು ಮಿನುಗಿತು, ಆಮೇಲೆ ಹಾಗೇ ಉರಿಯಿತು. ಮಿನುಗಿದರೆ ಗಾಳಿಯ ಸಮಸ್ಯೆಯಲ್ಲ, ವ್ಯವಸ್ಥೆಯದೇ ದೋಷ. ನಾನು ಮೂರು ಸಲ ಗಾಳಿ ತುಂಬಿಸಿ, ಕೊನೆಗೆ ದೀಪದ ಮೇಲೆ ಕಪ್ಪು ಟೇಪ್ ಅಂಟಿಸಿದೆ ಮಾರಾಯ್ರೆ!

ಫೆಬ್ರವರಿಯಲ್ಲಿ ಹಾ-ಊ, ಅಂದರೆ ಎರಡು ವರ್ಷಕ್ಕೊಮ್ಮೆ ಬರುವ ತಪಾಸಣೆ. ಟೇಪ್ ಕಿತ್ತು ನೋಡಿದವನು ನಗಲಿಲ್ಲ. ಫೇಲ್. ಒಂದು ತಿಂಗಳೊಳಗೆ ಸರಿ ಮಾಡಿಸಿ ಮತ್ತೆ ತೋರಿಸಬೇಕು. ಟಯರ್ ಬಿಚ್ಚಿ, ನಾಲ್ಕು ಸೆನ್ಸರ್ ಹಾಕಿ, ಬ್ಯಾಲೆನ್ಸಿಂಗ್ ಮಾಡಿ, ಕಾರಿನ ಕಂಪ್ಯೂಟರಿಗೆ ಪರಿಚಯಿಸುವಷ್ಟರಲ್ಲಿ 320 ಯೂರೋ ಹೋಯಿತು.

ಆದ್ದರಿಂದ ಮೊದಲು ಕಾರಿನ ಪುಸ್ತಕ ನೋಡಿ ಯಾವ ಬಗೆ ಅಂತ ತಿಳಿದುಕೊಳ್ಳಿ, ಆಮೇಲೆ ಚಕ್ರ ಕೊಳ್ಳಿ. ಮಾರುವವನು "ಸೆನ್ಸರ್ ಇದೆ" ಅಂದರೆ ಎಷ್ಟು ವರ್ಷದ್ದು ಕೇಳಿ. ಅದರ ಬ್ಯಾಟರಿ ಸುಮಾರು 5ರಿಂದ 10 ವರ್ಷ ಬರುತ್ತದೆ, ಸತ್ತರೆ ಸಾಮಾನ್ಯವಾಗಿ ಸೆನ್ಸರನ್ನೇ ಬದಲಿಸಬೇಕು. ಅಮೆರಿಕದಲ್ಲಿರುವ ಭಾವನ ಹತ್ತಿರ ತರಿಸುವ ಐಡಿಯಾ ಬೇಡ. ಸೆನ್ಸರ್ ಕಾರಿಗೆ ರೇಡಿಯೋ ಸಿಗ್ನಲ್ ಕಳಿಸುವುದು ಅಲ್ಲಿ ಹೆಚ್ಚಾಗಿ 315 ಮೆಗಾಹರ್ಟ್ಸ್‌ನಲ್ಲಿ, ಯುರೋಪಿನಲ್ಲಿ 433ರಲ್ಲಿ.

ಇನ್ನು, ದೀಪ ಉರಿಯದಿದ್ದರೆ ಟಯರ್ ಚೆನ್ನಾಗಿದೆ ಅಂತಲ್ಲ. ಸುಮಾರು 20 ಶೇಕಡ ಗಾಳಿ ಇಳಿದ ಮೇಲಷ್ಟೇ ಅದು ಎಚ್ಚರಿಸುವುದು. ಸವೆದ ರಬ್ಬರ್ ಅದಕ್ಕೆ ಕಾಣುವುದಿಲ್ಲ. ಉಡುಪಿ ಬಂಕ್‌ನಲ್ಲಿ "ಮೂವತ್ತೆರಡು" ಅಂದರೆ ಹುಡುಗ ಹಾಕಿ ಕೊಡ್ತಾನೆ. ಜರ್ಮನಿಯಲ್ಲಿ ನೀವೇ ಬಗ್ಗಿ ಹಾಕಬೇಕು, ಅಳತೆಯೂ ಬಾರ್ ಎಂಬ ಮಾನದಲ್ಲಿ. ನಮ್ಮ 32 ಪಿಎಸ್‌ಐ ಅಂದರೆ ಅಲ್ಲಿ 2.2 ಬಾರ್.