ಗ್ರೇಡಿಯೆಂಟ್ ಅರ್ಧ ಬರ್ತಿತ್ತು, ಹಿಡಿದಿದ್ದು ಹೀಗೆ

ಕಂಪೈಲರ್‌ಗೆ ರಿವರ್ಸ್ ಮೋಡ್ ಆಟೋಮ್ಯಾಟಿಕ್ ಡಿಫರೆನ್ಶಿಯೇಶನ್ (ಪ್ರೋಗ್ರಾಂನ ಡೆರಿವೇಟಿವ್‌ಗಳನ್ನ, ಅಂದ್ರೆ ಗ್ರೇಡಿಯೆಂಟನ್ನ, ಉತ್ತರದಿಂದ ಹಿಂದಕ್ಕೆ ಹೋಗ್ತಾ ತಾನೇ ಲೆಕ್ಕ ಹಾಕೋದು) ಬರೆದು ಮುಗಿಸಿದ್ದೆ, ಟೆಸ್ಟ್ ಎಲ್ಲಾ ಪಾಸ್, ಆದ್ರೆ ಆಪ್ಟಿಮೈಸೇಶನ್ (ಕಂಪೈಲರ್ ಕೋಡನ್ನ ವೇಗ ಮಾಡೋ ಹಂತ) ಆನ್ ಮಾಡಿ ದೊಡ್ಡ ಪ್ರೋಗ್ರಾಂ ಓಡ್ಸಿದ್ರೆ ಉತ್ತರ ಎಡವಟ್ಟು. ಮೊದ್ಲು ಟೆಸ್ಟ್ ಮೇಲೇ ಅನುಮಾನ ಬಂತು, ಯಾಕಂದ್ರೆ ಉತ್ತರ ತಾಳೆ ನೋಡೋ ಫೈನೈಟ್ ಡಿಫರೆನ್ಸ್‌ಗೆ (ಇನ್‌ಪುಟ್ ಚೂರು ಬದಲಿಸಿ, ಉತ್ತರ ಎಷ್ಟು ಬದಲಾಯ್ತು ಅಂತ ನೋಡಿ ಡೆರಿವೇಟಿವ್ ಅಂದಾಜು ಮಾಡೋದು) ಸ್ಟೆಪ್ 0.000000000001 ಇಟ್ಟಿದ್ದೆ, ಡಬಲ್ ಅನ್ನೋ ಸಂಖ್ಯಾ ಟೈಪ್‌ನಲ್ಲಿ ಅಷ್ಟು ಚಿಕ್ಕದಾದ್ರೆ ಕಳೆಯೋವಾಗ ಅಂಕಿಗಳೇ ಹಾರೋಗಿ ಮೂರ್ನಾಲ್ಕು ಅಂಕಿಯಷ್ಟೇ ನಂಬೋ ಹಾಗಿರತ್ತೆ. ಎರಡೂ ಕಡೆಯಿಂದ ತಗೊಳ್ಳೋ ಸೆಂಟ್ರಲ್ ಡಿಫರೆನ್ಸ್ ಹಾಕಿ ಸ್ಟೆಪ್ 0.00001 ಮಾಡಿದೆ, ಅಂಕಿಗಳ ಏರುಪೇರು ಅಡಗ್ತು, ತಪ್ಪು ಮಾತ್ರ ಹಾಗೇ ನಿಂತಿತ್ತು.

ಆಮೇಲೆ ಪ್ರೋಗ್ರಾಂ ಕತ್ತರಿಸ್ತಾ ಕತ್ತರಿಸ್ತಾ ಉಳಿದಿದ್ದು ಒಂದೇ ಸಾಲು: ಸೈನ್ ಎಕ್ಸ್ ಇಂಟು ಸೈನ್ ಎಕ್ಸ್. ಎಕ್ಸ್ 1 ಆದಾಗ ಡೆರಿವೇಟಿವ್ 0.9093 ಬರ್ಬೇಕು, ನಂಗೆ ಬಂದಿದ್ದು 0.4546, ಸರಿಯಾಗಿ ಅರ್ಧ! ಅಲ್ಲೇ ಹೊಳೀತು. ಆಪ್ಟಿಮೈಸರ್ ಎರಡು ಸೈನ್‌ನ ಒಂದೇ ವೇರಿಯೇಬಲ್ ಮಾಡ್ತಿತ್ತು, ಒಂದೇ ವೇರಿಯೇಬಲ್ ಗುಣಾಕಾರದ ಎರಡೂ ಕಡೆ ಬಂದಾಗ ನನ್ನ ಕೋಡ್ ಅದರ ಅಡ್ಜಾಯಿಂಟ್‌ಗೆ (ಆ ವೇರಿಯೇಬಲ್‌ಗೆ ಹಿಂದಕ್ಕೆ ಬಂದು ಸೇರೋ ಡೆರಿವೇಟಿವ್‌ನ ಮೊತ್ತ) ಎರಡನೇ ಪಾಲನ್ನ ಕೂಡಿಸೋ ಬದ್ಲು ಮೊದಲನೇದರ ಮೇಲೇ ಬರೀತಿತ್ತು. ಟೆಸ್ಟ್‌ಗಳೆಲ್ಲ ಆಪ್ಟಿಮೈಸೇಶನ್ ಇಲ್ದೇ ಓಡ್ತಿದ್ವು, ಅದಕ್ಕೇ ಸಿಕ್ಕಿರ್ಲಿಲ್ಲ.

ಸರಿ ಮಾಡಿದ್ದು ಒಂದೇ ಸಾಲು. ಈಗ ಪ್ರತಿ ಟೆಸ್ಟೂ ಎಲ್ಲಾ ಆಪ್ಟಿಮೈಸೇಶನ್ ಲೆವೆಲ್‌ನಲ್ಲೂ ಓಡತ್ತೆ. ಜೊತೆಗೆ ಡಾಟ್ ಪ್ರಾಡಕ್ಟ್ ಟೆಸ್ಟ್ ಸೇರ್ಸಿದೀನಿ, ನಂಗಂತೂ ಇದೇ ಹೆಚ್ಚು ಇಷ್ಟ: ರ್‍ಯಾಂಡಮ್ ವೆಕ್ಟರ್ ಎರಡು ತಗೊಂಡು ಒಂದನ್ನ ಫಾರ್ವರ್ಡ್ ಮೋಡ್‌ಗೆ (ಇನ್‌ಪುಟ್‌ನಿಂದ ಮುಂದಕ್ಕೆ ಡೆರಿವೇಟಿವ್ ಲೆಕ್ಕ ಹಾಕೋದು), ಇನ್ನೊಂದನ್ನ ರಿವರ್ಸ್‌ಗೆ ಕೊಟ್ಟು, ಬಂದ ಉತ್ತರಾನ ಉಳಿದ ವೆಕ್ಟರ್ ಜೊತೆ ಗುಣಿಸಿ ಕೂಡಿದ್ರೆ ಎರಡೂ ಕಡೆ ಒಂದೇ ಸಂಖ್ಯೆ ಬರ್ಬೇಕು, ಸ್ಟೆಪ್ ಸೈಜ್ ಗೊಡವೆನೇ ಇಲ್ಲ.